ಗುಲಾಮನ ಜೋಡಿಗೆ ನಾಲ್ಕು ಬೆಲೆ: ಈಕ್ವಿಲ್ಯಾಬ್ ಹೇಗಿದೆ?

ಪೋಕರ್ ಆಟ. ನಿಮ್ಮ ಕೈಯ ಎರಡು ಎಲೆ ಗುಲಾಮನ ಜೋಡಿ. ಎಲ್ಲರಿಗೂ ಸೇರಿದ ನಡುವಿನ ಐದು ಎಲೆಗಳಲ್ಲಿ ಒಂದೂ ಬಿದ್ದಿಲ್ಲ. ಅಷ್ಟರಲ್ಲೇ ಎದುರಿಗೆ ಕೂತವರು ಮುಂದಿದ್ದ ಪಣವನ್ನೆಲ್ಲ ಒಳಗೆ ತಳ್ಳಿಬಿಟ್ಟರು. ನಿಮ್ಮ ಗೆಲುವಿನ ಪಾಲು ನೂರಕ್ಕೆ ಎಷ್ಟು? ಈಕ್ವಿಲ್ಯಾಬ್ ಎಂಬ ಪುಕ್ಕಟೆ ತಂತ್ರಾಂಶದಿಂದ ಇದಕ್ಕೆ ನಾಲ್ಕು ಉತ್ತರ ತೆಗೆಯಬಹುದು: 77, 56, 47, 36. ನಾಲ್ಕೂ ಸರಿಯೇ.

ಎದುರಿನವರ ಜಾಗದಲ್ಲಿ ‘ಯಾವುದೇ ಎರಡು ಎಲೆ’ ಎಂದು ಬಿಟ್ಟರೆ 77 ಬರುತ್ತದೆ. ಅವರು 7ರಿಂದ ಮೇಲಿನ ಎಲ್ಲ ಜೋಡಿ, ಎಕ್ಕದ ಜೊತೆಗೆ ಗುಲಾಮ, ರಾಣಿ ಅಥವಾ ರಾಜ, ಇಲ್ಲವೇ ರಾಜ-ರಾಣಿ ಬಂದರೆ ತಳ್ಳುವವರು ಎಂದುಕೊಂಡರೆ 56ರ ಸುಮಾರು. 10ರಿಂದ ಮೇಲಿನ ಜೋಡಿ, ಎಕ್ಕ-ರಾಜ, ಎಕ್ಕ-ರಾಣಿಗೆ ಮಾತ್ರ ಎಂದರೆ 47. ರಾಣಿ, ರಾಜ, ಎಕ್ಕದ ಜೋಡಿ ಅಥವಾ ಎಕ್ಕ-ರಾಜ ಇಲ್ಲದೆ ಜಪ್ಪಯ್ಯ ಅಂದರೂ ತಳ್ಳದ ಆಸಾಮಿಯಾದರೆ 36. ಎಲೆ ಅದೇ, ಆಟ ಅದೇ. ಬದಲಾದದ್ದು ಎದುರಿನವರ ಬಗ್ಗೆ ನೀವು ಕೊಟ್ಟ ಅಂದಾಜು. ಈ ತಂತ್ರಾಂಶದ ಗುಣ, ದೋಷ ಎರಡೂ ಇಷ್ಟರಲ್ಲೇ ಇವೆ. ಲೆಕ್ಕ ಅದು ಮಾಡುತ್ತದೆ, ಮನುಷ್ಯನನ್ನು ನೀವು ಓದಬೇಕು.

ಚಿಕ್ಕಮಗಳೂರಿನ ಕಡೆ ರಮ್ಮಿ ಆಡಿ ಬೆಳೆದವರಿಗೆ ಈ ಓದು ಹೊಸದಲ್ಲ. ಎಸೆದ ಎಲೆಗಳಲ್ಲಿ ಎದುರಿನವರು ಯಾವುದನ್ನು ಎತ್ತಿಕೊಂಡರು, ಯಾವುದನ್ನು ಬಿಟ್ಟರು ಎಂದು ನೋಡಿಯೇ ‘ಆಟೀನು 8 ಕಾಯ್ತಾ ಇದಾರೆ’ ಎಂದು ಹೇಳುವವರು ಮನೆಗೊಬ್ಬರು ಸಿಗುತ್ತಾರೆ. ಪೋಕರಿಗೆ, ಅಂದರೆ ಟೆಕ್ಸಾಸ್ ಹೋಲ್ಡೆಮ್‌ಗೆ, ಬಂದಾಗ ಆ ಜಾಣತನವೇ ಸ್ವಲ್ಪ ಅಡ್ಡ ಬರುತ್ತದೆ. ರಮ್ಮಿಯ ಅಭ್ಯಾಸ ಒಂದು ಎಲೆಗೆ ಬೆರಳು ತೋರಿಸುತ್ತದೆ. ಇಲ್ಲಿ ಎದುರಿನವರ ಕೈಗೆ ಒಂದು ಎಲೆ ಗೊತ್ತುಮಾಡಿ ಕೂತರೆ ಮುಗಿಯಿತು; ಅವರ ಕೈಲಿ ಇರಬಹುದಾದ ಎಲ್ಲವನ್ನೂ ಒಂದು ಗೊಂಚಲಾಗಿ ಹಿಡಿದುಕೊಂಡು, ಅವರ ಒಂದೊಂದು ನಡೆಗೂ ಕೆಲವನ್ನು ಉದುರಿಸುತ್ತ ಹೋಗಬೇಕು. ಆ ಗೊಂಚಲಿಗೆ ಆಟಗಾರರು ರೇಂಜ್ ಅನ್ನುತ್ತಾರೆ.

ಈಕ್ವಿಲ್ಯಾಬ್ ವಿಂಡೋಸ್ ಕಂಪ್ಯೂಟರಿಗೆ ಸಿಗುತ್ತದೆ. ಪೋಕರ್‌ಸ್ಟ್ರಾಟೆಜಿ ಸಂಸ್ಥೆ ಹೊರತಂದದ್ದು. ಒಮ್ಮೆ ಇಳಿಸಿಕೊಂಡ ಮೇಲೆ ಲೆಕ್ಕವೆಲ್ಲ ನಿಮ್ಮ ಯಂತ್ರದೊಳಗೇ ಆಗುತ್ತದೆ. ಆಷಾಢದಲ್ಲಿ ಆಲ್ದೂರು, ಬಾಳೆಹೊನ್ನೂರು ಕಡೆ ಟವರ್ ಸತ್ತು ಕರೆಂಟ್ ಹೋದ ಸಂಜೆ ಲ್ಯಾಪ್‌ಟಾಪಿನಲ್ಲಿ ಒಂದಿಷ್ಟು ಚಾರ್ಜ್ ಉಳಿದಿದ್ದರೆ ಕೆಲಸಕ್ಕೆ ತೊಂದರೆಯಿಲ್ಲ. ಕನ್ನಡದ ಮೆನು ಇಲ್ಲ. ಎಲೆಗಳಿಗೆ ಇಂಗ್ಲಿಷ್ ಅಕ್ಷರಗಳೇ: ಎಕ್ಕಕ್ಕೆ ಎ, ರಾಜನಿಗೆ ಕೆ, ರಾಣಿಗೆ ಕ್ಯೂ, ಗುಲಾಮನಿಗೆ ಜೆ. ಹತ್ತಕ್ಕೆ ‘10’ ಎಂದು ಒತ್ತಬೇಡಿ, ಅದಕ್ಕೂ ಟಿ ಎಂಬ ಅಕ್ಷರವೇ. ಹೊಸಬರು ಮೊದಲು ಎಡವುವುದು ಇಲ್ಲೇ. ಜೋಡಿಯಲ್ಲದ ಎಲೆಗಳ ಪಕ್ಕದಲ್ಲಿ ‘ಎಸ್’ ಇದ್ದರೆ ಎರಡೂ ಒಂದೇ ಕಲರ್, ‘ಓ’ ಇದ್ದರೆ ಬೇರೆ ಬೇರೆ ಕಲರ್. ಮೂರೆಲೆಯಲ್ಲಿ ನಾವು ಕಲರ್ ಅನ್ನುವ ಅರ್ಥದಲ್ಲಿ, ಎರಡೂ ಆಟೀನು ಅಥವಾ ಎರಡೂ ಇಸ್ಪೀಟು ಎಂದು. ಆಟೀನು, ಡೈಮನ್ ಎರಡೂ ಕೆಂಪು ಎಂದು ಸೇರಿಸುವಂತಿಲ್ಲ.

ಎದುರಿನವರ ರೇಂಜ್ ತುಂಬುವ ಕಿಟಕಿ ತೆರೆದರೆ 13 ಸಾಲು, 13 ಕಂಬದ ಚೌಕ ಕಾಣುತ್ತದೆ, ಒಟ್ಟು 169 ಮನೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಇಳಿಯುವ 13 ಮನೆಗಳು ಜೋಡಿಗಳು. ಅದರ ಬಲಮೇಲಿನ 78 ಮನೆ ಒಂದೇ ಕಲರ್, ಎಡಕೆಳಗಿನ 78 ಬೇರೆ ಕಲರ್. ನೋಡುವುದಕ್ಕೆ ಎಲ್ಲ ಮನೆಯೂ ಒಂದೇ ಅಳತೆ. ಈ ಚೌಕ ಕಣ್ಣಿಗೆ ಮಾಡುವ ಮೋಸವೂ ಅದೇ. ಪ್ರತಿ ಜೋಡಿಯ ಮನೆಯೊಳಗೆ 6 ಕಾಂಬೊ, ಅಂದರೆ ಎರಡೆಲೆಯ ಬೇರೆ ಬೇರೆ ಕೂಡಿಕೆ, ಇವೆ, ಒಂದೇ ಕಲರಿನ ಮನೆಯಲ್ಲಿ 4, ಬೇರೆ ಕಲರಿನ ಮನೆಯಲ್ಲಿ 12. ಕೂಡಿದರೆ 78, 312, 936; ಒಟ್ಟು 1326. ಅಂದರೆ 52 ಎಲೆಯಲ್ಲಿ ಎರಡನ್ನು ಎತ್ತುವ ಎಲ್ಲ ಬಗೆ. ಎಕ್ಕದ ಜೋಡಿ ಬರುವುದು 221 ಕೈಗೊಮ್ಮೆ. ಎಕ್ಕ-ರಾಜ ಎರಡೂ ಮನೆ ಸೇರಿ 16 ಕಾಂಬೊ, ಎಕ್ಕದ ಜೋಡಿಯ ಎರಡೂವರೆ ಪಟ್ಟಿಗಿಂತ ಹೆಚ್ಚು. ‘ಅವರ ಹತ್ರ ಎಕ್ಕದ ಜೋಡಿನೇ ಇರೋದು’ ಎಂದು ಹೆದರುವವರು ಈ ಒಂದು ಲೆಕ್ಕ ಮಾಡಿಕೊಂಡರೆ ಅರ್ಧ ಜ್ವರ ಬಿಡುತ್ತದೆ. ತಂತ್ರಾಂಶ ತೋರಿಸುವ ಶೇಕಡಾವನ್ನು 13.26ರಿಂದ ಗುಣಿಸಿದರೆ ಕಾಂಬೊ ಸಂಖ್ಯೆ ಬರುತ್ತದೆ. ಶೇಕಡಾಕ್ಕಿಂತ ಕಾಂಬೊದಲ್ಲೇ ಯೋಚಿಸುವುದು ಲೇಸು.

ನಿಮ್ಮ ಕೈಯ ಎಲೆಗಳು ಅವರ ಕಾಂಬೊ ಕಡಿಯುತ್ತವೆ, ಇದನ್ನು ಮರೆಯಬಾರದು. ನಿಮ್ಮ ಬಳಿ ಎಕ್ಕ-ರಾಜ ಇದ್ದರೆ ಎದುರಿನವರಿಗೆ ಎಕ್ಕದ ಜೋಡಿ ಬರಲು ಉಳಿದದ್ದು 6 ಅಲ್ಲ, 3. ರಾಜನ ಜೋಡಿಯೂ 3. ಎಕ್ಕ-ರಾಜ 16ರಿಂದ 9ಕ್ಕೆ ಇಳಿಯುತ್ತದೆ. ನಿಮ್ಮ ಎರಡು ಎಲೆಗಳನ್ನು ಸರಿಯಾಗಿ ತುಂಬಿದರೆ ಈಕ್ವಿಲ್ಯಾಬ್ ಈ ಕಡಿತವನ್ನು ತಾನೇ ಮಾಡಿಕೊಳ್ಳುತ್ತದೆ. ಯಾರಾದರೂ ಪ್ಯಾಕ್ ಮಾಡಿ ಆ ಕೈ ಬಿಡುವಾಗ ಕೈ ತಪ್ಪಿ ಎಲೆ ಅಂಗಾತ ಬಿದ್ದು ಎಲ್ಲರಿಗೂ ಕಂಡಿದ್ದರೆ ಅದಕ್ಕೂ ಪ್ರತ್ಯೇಕ ಜಾಗವಿದೆ. ಮನೆಯಾಟದಲ್ಲಿ ಇದು ಮೇಲಿಂದ ಮೇಲೆ ಆಗುವಂಥದ್ದು, ಆ ಜಾಗವನ್ನು ಖಾಲಿ ಬಿಡಬೇಡಿ.

ಇನ್ನು ದೊಡ್ಡ ಹಳ್ಳದ ವಿಷಯ. ಚೌಕದ ಜೊತೆಗೇ ಎಳೆಯುವ ಒಂದು ಪಟ್ಟಿ ಇದೆ. 10ಕ್ಕೆ ಎಳೆದರೆ ಅತಿ ಬಲದ ಶೇ. 10 ಕೈಗಳು, 20ಕ್ಕೆ ಎಳೆದರೆ ಶೇ. 20 ತಾವಾಗಿ ಬಣ್ಣ ತುಂಬಿಕೊಳ್ಳುತ್ತವೆ. ಬಲು ಸಲೀಸು, ಅದಕ್ಕೇ ಎಲ್ಲರೂ ಅದನ್ನೇ ಎಳೆಯುತ್ತಾರೆ. ಆದರೆ ಆ ‘ಬಲ’ ಕಾಗದದ ಮೇಲಿನ ಕ್ರಮ. 20ಕ್ಕೆ ಎಳೆದರೂ ಒಂದೇ ಕಲರಿನ 7-6, 5-4 ಒಳಗೆ ಬರುವುದಿಲ್ಲ, ಅತ್ತ ಬೇರೆ ಕಲರಿನ ಎಕ್ಕ-9 ಬಂದು ಕೂತಿರುತ್ತದೆ. ಮೂರೆಲೆ ಆಡಿ ಬಂದ ನಮ್ಮವರು ಕಲರ್, ರನ್ ಕಂಡರೆ ಬಿಡುವ ಜನವೇ? 7-6 ಒಂದೇ ಕಲರ್ ಸಿಕ್ಕರೆ ಕಣ್ಣಿಗೆ ಒತ್ತಿಕೊಂಡು ಆಡುತ್ತಾರೆ. ಎಕ್ಕ-9 ಬೇರೆ ಕಲರನ್ನು ಒಬ್ಬರು ಹಿಡಿದರೆ ಇನ್ನೊಬ್ಬರು ಎಸೆಯುತ್ತಾರೆ. ಹೀಗಾಗಿ ಪಟ್ಟಿಯನ್ನು ಮುಟ್ಟದೆ ಒಂದೊಂದು ಮನೆಯನ್ನೂ ಕೈಯಾರೆ ಒತ್ತಿ ತುಂಬಿ. ಒಬ್ಬೊಬ್ಬರಿಗೂ ಒಂದು ರೇಂಜ್ ತುಂಬಿ ಹೆಸರಿಟ್ಟು ಉಳಿಸಿಕೊಳ್ಳಬಹುದು. ‘ದೊಡ್ಡಪ್ಪ, ಮೊದಲ ಸೀಟು’, ‘ರೈಟರಣ್ಣ, ಕೊನೆ ಸೀಟು’ ಎಂದು ಇಟ್ಟುಕೊಂಡರೆ ಮುಂದಿನ ವಾರ ಶೂನ್ಯದಿಂದ ಶುರು ಮಾಡುವುದು ಬೇಡ. ಸೀಟನ್ನು ಬರೆಯುವುದು ಕಡ್ಡಾಯ. ಮೊದಲು ಮಾತಾಡಬೇಕಾದವರ ಹಿಂದೆ ಇನ್ನೂ ಐದಾರು ಜನ ಕಾಯುತ್ತಿರುತ್ತಾರೆ, ಅವರು ರೇಸ್ ಮಾಡಿದರೆ, ಅಂದರೆ ಪಣ ಏರಿಸಿದರೆ, ಕೈ ಗಟ್ಟಿ. ಹಂಚುವವರ ಸೀಟಿನಿಂದ ಅದೇ ಮನುಷ್ಯ ಅದರ ಎರಡು ಮೂರು ಪಟ್ಟು ಕೈಗಳಿಗೆ ರೇಸ್ ಮಾಡುತ್ತಾನೆ.

ಒಂದು ಕೈಯನ್ನು ಪೂರ್ತಿ ಹಾಕಿ ನೋಡಿದರೆ ತಂತ್ರಾಂಶದ ಬೆಲೆ ತಿಳಿಯುತ್ತದೆ. ತೋಟದ ಮನೆಯ ಮೇಜಿನ ಮೇಲೆ ಕಾಳುಮೆಣಸು 1, ಕಾಫಿ ಬೀಜ 5, ಅಡಿಕೆ 25 ಎಂದು ಲೆಕ್ಕ ಇಟ್ಟುಕೊಳ್ಳಿ. ನಿಮ್ಮದು ಆಟೀನು ಗುಲಾಮ, ಕಳಾವರ್ ಗುಲಾಮ. ಎದುರಿನವರು ರೇಸ್ ಮಾಡಿದ್ದಾರೆ, ಅವರ ರೇಂಜ್ ಮೇಲೆ ಹೇಳಿದ ಎರಡನೆಯದು: 7ರಿಂದ ಮೇಲಿನ ಜೋಡಿಗಳು, ಎಕ್ಕ-ಗುಲಾಮದಿಂದ ಮೇಲೆ, ರಾಜ-ರಾಣಿ. ಪೂರ್ತಿ ಕಟ್ಟಿನಲ್ಲಿ ಇದು 112 ಕಾಂಬೊ, ಶೇ. 8.45. ನಿಮ್ಮ ಎರಡು ಗುಲಾಮರು ಕಡಿದ ಮೇಲೆ 99. ನೀವು ಅಷ್ಟೇ ಪಣ ಇಟ್ಟು ಕಾಲ್ ಮಾಡಿದಿರಿ. ನಡುವೆ ಬಿದ್ದದ್ದು ಇಸ್ಪೀಟು ರಾಜ, ಡೈಮನ್ 8, ಕಳಾವರ್ 3.

ಈಗ ಉದುರಿಸಿ. ಮೇಜಿನ ಮೇಲೆ ಒಬ್ಬ ರಾಜ ಬಿದ್ದದ್ದರಿಂದ ರಾಜನ ಜೋಡಿ 3ಕ್ಕೆ, ಎಕ್ಕ-ರಾಜ 12ಕ್ಕೆ, ರಾಜ-ರಾಣಿ 12ಕ್ಕೆ ಇಳಿದವು. 8ರ ಜೋಡಿ 3. ನಿಮ್ಮನ್ನು ಹೊಡೆಯುವವು: ಎಕ್ಕದ ಜೋಡಿ 6, ರಾಜನದು 3, ರಾಣಿಯದು 6, 8ರದು 3, ಎಕ್ಕ-ರಾಜ 12, ರಾಜ-ರಾಣಿ 12. ಒಟ್ಟು 42. ನೀವು ಮುಂದಿರುವವು: 10, 9, 7ರ ಜೋಡಿಗಳು ತಲಾ 6, ಎಕ್ಕ-ರಾಣಿ 16, ಎಕ್ಕ-ಗುಲಾಮ 8. ಅದೂ 42! ಉಳಿದ ಒಂದು ಕಾಂಬೊ ನಿಮ್ಮದೇ ಗುಲಾಮನ ಜೋಡಿಯ ಇನ್ನೊಂದು ಅರ್ಧ. ರಾಜ ಬಿದ್ದ ಕೂಡಲೇ ‘ಸತ್ತೆ’ ಎಂದು ಎಲೆ ಮಗುಚುವವರಿಗೆ ಈ ಸಮಸಮ ನಂಬಲಾಗುವುದಿಲ್ಲ. ಅವರು ಪಾಟಿನ, ಅಂದರೆ ನಡುವೆ ಕೂಡಿದ ಪಣದ, ಅರ್ಧದಷ್ಟು ಬೆಟ್ ಮಾಡಿದರೆ ನಿಮಗೆ ಬೇಕಾದ ಗೆಲುವಿನ ಪಾಲು ಶೇ. 25 ಮಾತ್ರ. ಕಾಲ್ ಮಾಡಲೇಬೇಕು.

ನಾಲ್ಕನೆಯ ಎಲೆ ಆಟೀನು 2. ಯಾರಿಗೂ ಉಪಯೋಗವಿಲ್ಲದ ಎಲೆ. ಪಾಟಿನಲ್ಲಿ ಈಗ 4 ಅಡಿಕೆ, ಎದುರಿನವರು ಮತ್ತೆ 2 ಅಡಿಕೆ ಇಟ್ಟರು. ನೀವು 50 ಕೊಟ್ಟು 200ರ ಪಾಟಿಗೆ ಕೈ ಹಾಕುತ್ತೀರಿ, ಮತ್ತೆ ಶೇ. 25 ಬೇಕು. ಎರಡನೇ ಸಲ ಯಾರು ಬೆಟ್ ಮಾಡುತ್ತಾರೆ? ಮಧ್ಯಮದ ಜೋಡಿ ಹಿಡಿದವರು ಸಾಮಾನ್ಯವಾಗಿ ಇಲ್ಲಿ ಬೆಟ್ ಇಡದೆ ಚೆಕ್ ಮಾಡಿ ಕೂರುತ್ತಾರೆ. ರಾಣಿ, 10, 9, 7ರ ಜೋಡಿಗಳನ್ನು ತೆಗೆಯಿರಿ. ಹೊಡೆಯುವ ಕಾಂಬೊ 36 ಉಳಿದವು. ಇನ್ನೊಂದು ಬದಿಗೆ ಉಳಿದದ್ದು ಸುಳ್ಳೇ ಬೆಟ್ ಮಾಡುವ ಎಕ್ಕ-ರಾಣಿ, ಎಕ್ಕ-ಗುಲಾಮ ಮಾತ್ರ. ಅದರಲ್ಲಿ ಎಷ್ಟು ಎಂಬುದು ಮನುಷ್ಯನ ಮೇಲೆ ಹೋಗುತ್ತದೆ. ಸುಳ್ಳು ಬೆಟ್ ಜನ್ಮದಲ್ಲಿ ಮಾಡದವರಾದರೆ ನಿಮ್ಮ ಪಾಲು ಶೇ. 4. ಅರ್ಧ ಸಲ ಮಾಡುವವರಾದರೆ 12 ಕಾಂಬೊ, ಪಾಲು ಶೇ. 25ರ ಅಂಚಿನಲ್ಲಿ. ಹಿಡಿದದ್ದನ್ನೆಲ್ಲ ಬೆಟ್ ಮಾಡುವವರಾದರೆ 24 ಕಾಂಬೊ, ಪಾಲು 38. ಕೊನೆಯ ಎಲೆಯಲ್ಲಿ ಅವರಿಗೆ ಎಕ್ಕ ಅಥವಾ ರಾಣಿ, ನಿಮಗೆ ಮೂರನೇ ಗುಲಾಮ ಬೀಳುವ ಸಾಧ್ಯತೆಯೂ ಈ ಅಂಕಿಗಳಲ್ಲಿ ಸೇರಿದೆ.

ಅರ್ಧ ಕಾಂಬೊ ತುಂಬುವುದು ಹೇಗೆ? ಮನೆಯನ್ನು ಒತ್ತಿದರೆ ಎಕ್ಕ-ರಾಣಿಯ ಹದಿನಾರಕ್ಕೆ ಹದಿನಾರೂ ಬಂದುಬಿಡುತ್ತವೆ. ಮನೆ ಒತ್ತುವ ಬದಲು ರೇಂಜಿನ ಸಾಲಿನಲ್ಲಿ ಆಟೀನು ಎಕ್ಕ ಮತ್ತು ಇಸ್ಪೀಟು ರಾಣಿ ಎಂಬಂತೆ ಎಲೆ, ಕಲರ್ ಸಮೇತ ಬೇಕಾದ 8 ಕಾಂಬೊಗಳನ್ನು ಅಲ್ಪವಿರಾಮ ಹಾಕಿ ಟೈಪ್ ಮಾಡಿ. ಬೇಸರದ ಕೆಲಸ, ಆದರೆ ಮೂರು ನಾಲ್ಕು ಕೈ ಹೀಗೆ ತುಂಬಿದವರಿಗೆ ಮೇಜಿನ ಮೇಲೆ ಕೂತಾಗ ಎಣಿಕೆ ತಾನಾಗಿ ಬರತೊಡಗುತ್ತದೆ.

ಅಂಚಿನ ಆ ಶೇ. 25 ನೋಡಿ ಕಾಲ್ ಮಾಡಬಹುದು ಅನ್ನಿಸೀತು. ಇಲ್ಲಿ ಈಕ್ವಿಲ್ಯಾಬಿನ ದೊಡ್ಡ ಮಿತಿ ಎದುರಾಗುತ್ತದೆ. ಈ ಕ್ಷಣಕ್ಕೆ ಬೆಟ್ ಎಲ್ಲ ನಿಂತು ಉಳಿದ ಎಲೆಗಳು ಸುಮ್ಮನೆ ಬಿದ್ದರೆ ಯಾರು ಗೆಲ್ಲುತ್ತಾರೆ ಎಂಬುದಷ್ಟೇ ಅದರ ಲೆಕ್ಕ. ಐದನೇ ಎಲೆ ಬಿದ್ದ ಮೇಲೆ ಎದುರಿನವರು ಇನ್ನೊಂದು ನಾಲ್ಕು ಅಡಿಕೆ ಇಟ್ಟರೆ ಏನು ಮಾಡುತ್ತೀರಿ ಎಂಬುದು ಅದಕ್ಕೆ ಗೊತ್ತಿಲ್ಲ. ಅಂಚಿನ ಕೈಗೆ ಮುಂದೆ ಒಂದು ಬೆಟ್ ಕಾದಿದೆ ಅಂದರೆ ಪ್ಯಾಕ್ ಮಾಡುವುದೇ ಸರಿ. ಎಲ್ಲರೂ ಎಲ್ಲವನ್ನೂ ಒಳಗೆ ತಳ್ಳಿದ ಕೈಗಳಿಗೆ ಮಾತ್ರ ಅದರ ಅಂಕಿಯನ್ನು ಕಣ್ಣು ಮುಚ್ಚಿ ನಂಬಬಹುದು.

ಕಲರಿನ ಭಯಕ್ಕೂ ಇದು ಒಳ್ಳೆಯ ಔಷಧಿ. ನಡುವೆ ಮೂರು ಆಟೀನು ಬಿದ್ದವು, 9, 6, 2 ಎಂದಿಟ್ಟುಕೊಳ್ಳಿ. ನಿಮ್ಮ ಕೈಯಲ್ಲಿ ಆಟೀನು ಇಲ್ಲ. ಉಳಿದ 10 ಆಟೀನುಗಳಿಂದ ಎರಡೆರಡು ಎತ್ತಿದರೆ 45 ಕಾಂಬೊ. ಒಟ್ಟು 1081ರಲ್ಲಿ ಅದು ಶೇ. 4ರ ಆಸುಪಾಸು. ಅದೂ ಅವರು ಯಾವ ಎರಡು ಎಲೆಯನ್ನಾದರೂ ಹಿಡಿದು ಬರುವವರಾದರೆ. ಮೇಲಿನ ಬಿಗಿ ರೇಂಜಿನಲ್ಲಿ ಕಲರ್ ಆಗುವುದು ಎಕ್ಕ-ರಾಜ, ಎಕ್ಕ-ರಾಣಿ, ಎಕ್ಕ-ಗುಲಾಮ, ರಾಜ-ರಾಣಿಯ ಆಟೀನುಗಳು, ಬರೀ 4. ನಿಮ್ಮ ಕೈಯಲ್ಲೇ ಆಟೀನು ಎಕ್ಕ ಇದ್ದರೆ 1. ಅದೇ 8-7, 8-5 ಎಂದು ಕಲರ್ ಕಂಡಲ್ಲೆಲ್ಲ ನುಗ್ಗುವವರಾದರೆ ಭಯಕ್ಕೆ ನಿಜವಾದ ಕಾರಣ ಇದೆ.

ಲೆಕ್ಕಕ್ಕೆ ಎರಡು ವಿಧಾನ ಇವೆ. ಒಂದು, ಬೀಳಬಹುದಾದ ಎಲೆಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡುವುದು. ಎರಡೂ ಕೈ ಗೊತ್ತಿದ್ದು ನಡುವೆ ಏನೂ ಬೀಳದಿದ್ದರೆ 17,12,304 ಬಗೆ. ಮೂರು ಎಲೆ ಬಿದ್ದ ಮೇಲೆ ಬರೀ 990. ಇನ್ನೊಂದು, ಯಾದೃಚ್ಛಿಕವಾಗಿ ಲಕ್ಷಗಟ್ಟಲೆ ಸಲ ಹಂಚಿ ಸರಾಸರಿ ತೆಗೆಯುವ ಮಾಂಟೆ ಕಾರ್ಲೊ. ಮೂರು ನಾಲ್ಕು ಜನರ ಅಗಲ ರೇಂಜ್ ತುಂಬಿದಾಗ ಎರಡನೆಯದು ಬೇಗ ಮುಗಿಯುತ್ತದೆ. ಮತ್ತೆ ಮತ್ತೆ ಓಡಿಸಿದರೆ ದಶಾಂಶದ ಅಂಕಿ ಅತ್ತಿತ್ತ ಆಡುತ್ತದೆ, ಅದು ದೋಷವಲ್ಲ. ಕೊಟ್ಟ ರೇಂಜೇ ಅಂದಾಜು ಆಗಿರುವಾಗ ಎರಡನೇ ದಶಾಂಶಕ್ಕೆ ತಲೆ ಕೆಡಿಸಿಕೊಳ್ಳುವುದು ಗೊಬ್ಬರದ ಮೂಟೆಯನ್ನು ಚಿನ್ನದ ತಕ್ಕಡಿಯಲ್ಲಿ ತೂಗಿದಂತೆ.

ಬಳಸುವವರು ಮಾಡುವ ತಪ್ಪುಗಳಲ್ಲಿ ಒಂದಂತೂ ತಂತ್ರಾಂಶ ಹಿಡಿಯಲಾರದ್ದು. ಒಮ್ಮೆ ಉದುರಿಸಿದ ಕಾಂಬೊವನ್ನು ಮುಂದಿನ ಎಲೆಗೆ ಮತ್ತೆ ತಂದು ಕೂರಿಸುತ್ತಾರೆ. ಮೊದಲ ರೇಸಿನಲ್ಲಿ 3ರ ಜೋಡಿ ಇಲ್ಲ ಎಂದು ನಿರ್ಧರಿಸಿದ್ದರೆ ನಡುವೆ 3 ಬಿದ್ದ ಕೂಡಲೇ ‘ಅಯ್ಯೋ, ಮೂರು 3 ಆಗಿರಬಹುದು’ ಎಂದು ಸೇರಿಸುವ ಹಾಗಿಲ್ಲ. ರೇಂಜ್ ಕಿರಿದಾಗುತ್ತಲೇ ಹೋಗಬೇಕು. ಹಾಗೆ ಸೇರಿಸಲೇಬೇಕು ಅನ್ನಿಸಿದರೆ ಮೊದಲು ಕೊಟ್ಟ ರೇಂಜೇ ತಪ್ಪು; ಅದನ್ನು ತಿದ್ದಿ ಆರಂಭದಿಂದ ಬನ್ನಿ. ತಿದ್ದುವುದಕ್ಕೆ ಆಧಾರ ಒಂದೇ, ಶೋ ಆದಾಗ ಕಂಡ ಎಲೆ. ಗೆದ್ದವರನ್ನು ಎಲ್ಲರೂ ನೋಡುತ್ತಾರೆ. ಸೋತವರು ಏನು ಹಿಡಿದು ಅಲ್ಲಿಯವರೆಗೆ ಬಂದರು ಎಂಬುದೇ ಹೆಚ್ಚು ಬೆಲೆಯ ಮಾಹಿತಿ.

ಹಣ ಕೊಡುವ ಮನಸ್ಸಿದ್ದರೆ ಫ್ಲಾಪ್‌ಜಿಲ್ಲಾ ಇದೆ. ಒಂದು ರೇಂಜಿನಲ್ಲಿ ಎಷ್ಟು ಪಾಲಿಗೆ ಮೇಲಿನ ಜೋಡಿ, ಎಷ್ಟಕ್ಕೆ ಕಲರಿನ ಆಸೆ, ಎಷ್ಟಕ್ಕೆ ಏನೂ ಇಲ್ಲ ಎಂದು ಬಿಡಿಸಿ ತೋರಿಸುವುದರಲ್ಲಿ ಅದು ಮುಂದು. ಮೇಲಿನ 42-42ರ ಲೆಕ್ಕ ಅದರಲ್ಲಿ ಒಂದೇ ನೋಟಕ್ಕೆ ಕಾಣುತ್ತದೆ. ಪಯೋಸಾಲ್ವರ್‌ನಂಥವು ಬೆಟ್‌ಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ, ಆದರೆ ಅವಕ್ಕೆ ದಂಡಿ ಮೆಮೊರಿಯ ಕಂಪ್ಯೂಟರ್ ಬೇಕು. ವಾರಕ್ಕೊಮ್ಮೆ ಮನೆಯಾಟ ಆಡುವವರಿಗೆ ಅದು ಅತಿಯಾಯಿತು. ಈಕ್ವಿಲ್ಯಾಬ್ ಸಾಕು. ಆಟ ಮುಗಿದ ಮೇಲೆ, ಕಾಫಿಗೆ ನೀರು ಇಟ್ಟಾಗ ತೆಗೆಯಿರಿ. ಆಟದ ನಡುವೆ ಲ್ಯಾಪ್‌ಟಾಪ್ ಬಿಚ್ಚಿ ಕೂರುವುದು ಮರ್ಯಾದೆಯಲ್ಲ. ಇದು ಜೂಜಿನ ತಾಣವಲ್ಲ, ಬರೀ ಲೆಕ್ಕದ ಯಂತ್ರ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದೆ. ಮೆಣಸು, ಬೀಜ, ಅಡಿಕೆಯ ಲೆಕ್ಕಕ್ಕೇ ನಿಂತುಕೊಳ್ಳಿ. ಮೆಣಸು ಮಾತ್ರ ಬಟ್ಟೆ ಹಾಸದ ಮೇಜಿನ ಮೇಲೆ ಉರುಳಿಹೋಗುತ್ತದೆ, ಒಂದು ತಟ್ಟೆ ಇಡಿ.

ಈಕ್ವಿಲ್ಯಾಬ್ ಇಳಿಸುವ ಮೊದಲೋ ಅದರ ಜೊತೆಗೋ ಮಾಡಬೇಕಾದ ಇನ್ನೊಂದು ಕೆಲಸ ಇದೆ. ಎ4 ಹಾಳೆಯಲ್ಲಿ ಒಂದೂವರೆ ಸೆಂಟಿಮೀಟರ್ ಮನೆಗಳ 13×13 ಚೌಕ ಬರೆಯಿರಿ. ಹತ್ತೊಂಬತ್ತೂವರೆ ಸೆಂಟಿಮೀಟರ್ ಆಗುತ್ತದೆ, ಅಗಲಕ್ಕೆ ಸರಿಯಾಗಿ ಹಿಡಿಯುತ್ತದೆ. ಪ್ರತಿ ಮನೆಯ ಮೂಲೆಯಲ್ಲಿ 6, 4, 12 ಎಂದು ಕಾಂಬೊ ಸಂಖ್ಯೆಯನ್ನು ಸಣ್ಣದಾಗಿ ಬರೆದುಬಿಡಿ. ತಂತ್ರಾಂಶದ ಚೌಕ ಕಣ್ಣಿಗೆ ಮಾಡುವ ಮೋಸ ಇಲ್ಲಿ ನಡೆಯುವುದಿಲ್ಲ. ಐ.ಜಿ. ರಸ್ತೆಯ ಯಾವುದಾದರೂ ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿಕೊಳ್ಳಿ, ಬರೀ ಕಾಗದ ನಮ್ಮ ಮಳೆಗಾಲದ ತೇವಕ್ಕೆ ಹಪ್ಪಳದ ಹಿಟ್ಟಿನಂತಾಗುತ್ತದೆ. ಹೊಳಪಿನ ಲ್ಯಾಮಿನೇಷನ್ ಕೇಳಿ, ಮಂಕಾದದ್ದರ ಮೇಲೆ ಶಾಯಿ ಕೂತುಬಿಡುತ್ತದೆ. ಬರೆಯುವುದಕ್ಕೆ ವೈಟ್‌ಬೋರ್ಡ್ ಮಾರ್ಕರೇ ಆಗಬೇಕು. ಅಂಗಡಿಯಲ್ಲಿ ನೋಡದೆ ಪರ್ಮನೆಂಟ್ ಮಾರ್ಕರ್ ತಂದರೆ ಮೊದಲ ದಿನ ದೊಡ್ಡಪ್ಪನಿಗೆ ಕೊಟ್ಟ ರೇಂಜು ವರ್ಷವಿಡೀ ಹಾಗೇ ಇರುತ್ತದೆ.